ಉಗ್ರಾಣದಲ್ಲಿ ಎತ್ತುವ ಯಂತ್ರ: ಭಾರ, ಬಾಡಿಗೆ ಮತ್ತು ಎಚ್ಚರ

ಮೈಸೂರಿನಿಂದ ನಂಜನಗೂಡಿನ ಮೂಲಕ ದಕ್ಷಿಣಕ್ಕೆ ಬರುವ ಹೆದ್ದಾರಿ ಗುಂಡ್ಲುಪೇಟೆಯಲ್ಲಿ ಎರಡಾಗಿ ಕವಲೊಡೆಯುತ್ತದೆ. ಒಂದು ಮೂಲೆಹೊಳೆ ದಾಟಿ ಕೇರಳದ ಸುಲ್ತಾನ್ ಬತ್ತೇರಿಗೆ ಹೋದರೆ, ಇನ್ನೊಂದು ಬಂಡೀಪುರ ದಾಟಿ ಊಟಿಗೆ ಹೋಗುತ್ತದೆ. ಮೂರು ರಾಜ್ಯಗಳು ಕೂಡುವ ಈ ಮೂಲೆಯಲ್ಲಿ ಅರಿಸಿನ, ಈರುಳ್ಳಿ, ಹತ್ತಿ, ಸೂರ್ಯಕಾಂತಿ, ಚೆಂಡುಹೂವು, ಬಾಳೆ ಎಲ್ಲವನ್ನೂ ಬೆಳೆಯುತ್ತಾರೆ. ಚೆಂಡುಹೂವನ್ನು ಸಂಸ್ಕರಿಸುವ ಕಾರ್ಖಾನೆಗಳೂ ಇಲ್ಲಿಗೆ ಬಂದಿವೆ. ಹೊಲದಲ್ಲಿ ಬೆಳೆದದ್ದು ಚೀಲ ಸೇರುತ್ತದೆ, ಚೀಲ ಗೋದಾಮು ಸೇರುತ್ತದೆ, ಗೋದಾಮಿನಿಂದ ಲಾರಿ ಏರುತ್ತದೆ. ಈ ಏರಿಸುವ, ಇಳಿಸುವ ಕೆಲಸದ ಬಗ್ಗೆ, ಅದರಲ್ಲಿ ಅಡಗಿರುವ ಅಪಾಯದ ಬಗ್ಗೆ ಇಂದು ಮಾತನಾಡೋಣ.

ಬೆಳೆಯುವವರ ಕಷ್ಟ ನಮಗೆ ಗೊತ್ತು. ಕೊಳ್ಳುವವರ ಕಷ್ಟವೂ ಗೊತ್ತು. ಇವರಿಬ್ಬರ ನಡುವೆ ನಿಂತು ಹೊರುವವರ ವಿಚಾರ ನಮ್ಮ ಗಮನಕ್ಕೆ ಬರುವುದು ಅಪರೂಪ. ಮಾರುಕಟ್ಟೆಯ ಹಮಾಲರು ತಲೆಗೆ ಬಟ್ಟೆ ಸುತ್ತಿಕೊಂಡು, ಬೆನ್ನ ಮೇಲೆ ಚೀಲ ಹೊತ್ತು, ಲಾರಿಗೆ ಕೊಟ್ಟ ಹಲಗೆಯ ಮೇಲೆ ನಡೆದು ಹೋಗುವುದನ್ನು ನೀವೆಲ್ಲ ನೋಡಿರುತ್ತೀರಿ. ವಯಸ್ಕ ಗಂಡಸೊಬ್ಬ ಒಮ್ಮೆಗೆ ಹೊರುವ ಭಾರ 55 ಕಿಲೋಗ್ರಾಂ ಮೀರದಿರಲಿ ಎಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1967ರಲ್ಲೇ ಶಿಫಾರಸು ಮಾಡಿತು. ಧಾನ್ಯದ ಚೀಲ ಇಂದು 50 ಕಿಲೋಗ್ರಾಮಿಗೆ ಇಳಿದಿರುವುದರ ಬೆಲೆ ಕ್ವಿಂಟಾಲ್ ಚೀಲ ಹೊತ್ತ ಹಿರಿಯರ ಬೆನ್ನಿಗೆ ಚೆನ್ನಾಗಿ ಗೊತ್ತು.

ಬೆನ್ನಿನ ಭಾರವನ್ನು ಇಳಿಸಲು ಬಂದ ಯಂತ್ರವೇ ಫೋರ್ಕ್‌ಲಿಫ್ಟ್. ಯಂತ್ರ ಬಂದ ಮಾತ್ರಕ್ಕೆ ಅಪಾಯ ಹೋಗುವುದಿಲ್ಲ. ಅದು ಬೇರೆ ರೂಪ ತಾಳುತ್ತದೆ. ಹೊತ್ತವನ ಸೊಂಟಕ್ಕೆ ಬರುತ್ತಿದ್ದ ಪೆಟ್ಟು ಪಕ್ಕದಲ್ಲಿ ನಿಂತವನ ಪ್ರಾಣಕ್ಕೇ ಬರಬಹುದು. ಆದ್ದರಿಂದ ಈ ಯಂತ್ರ ಹೇಗೆ ನಿಲ್ಲುತ್ತದೆ, ಯಾವಾಗ ಉರುಳುತ್ತದೆ ಎಂಬುದನ್ನು ತಿಳಿದಿರುವುದು ಒಳ್ಳೆಯದು. ಅದಕ್ಕೂ ಮೊದಲು ಗೋದಾಮಿನೊಳಗಿನ ಭಾರದ ಮಾತು.

ಅಂದಿನ ಮೈಸೂರು ರಾಜ್ಯದಲ್ಲಿ ಉಗ್ರಾಣ ನಿಗಮ ಹುಟ್ಟಿದ್ದು 1957ರಲ್ಲಿ. ಬೆಳೆದದ್ದನ್ನು ಸುಗ್ಗಿಯಲ್ಲೇ ಸಿಕ್ಕಿದ ಬೆಲೆಗೆ ಮಾರದೆ ಇಟ್ಟುಕೊಳ್ಳಲು ರೈತನಿಗೆ ಒಂದು ಜಾಗ ಬೇಕಾಗಿತ್ತು. ಆದರೆ ಇಡುವುದೆಂದರೆ ಪೇರಿಸುವುದು. ಇಪ್ಪತ್ತು ಚೀಲ ಎತ್ತರದ ಅಟ್ಟಿಯನ್ನು ಊಹಿಸಿಕೊಳ್ಳಿ. ಅಡಿಯ ಚೀಲದ ಮೇಲೆ ಹತ್ತೊಂಬತ್ತು ಚೀಲಗಳ ಭಾರ, ಎಂದರೆ 950 ಕಿಲೋಗ್ರಾಂ ಕುಳಿತಿರುತ್ತದೆ. ಆ ಚೀಲ ತೇವಗೊಂಡು ಮೆತ್ತಗಾದರೆ, ಇಲಿ ಕಡಿದು ಕಾಳು ಸೋರಿದರೆ, ಅಟ್ಟಿ ಒಂದು ಕಡೆಗೆ ವಾಲಲು ಶುರುವಾಗುತ್ತದೆ. ವಾಲಿದ ಅಟ್ಟಿ ಎಂದು ಬೀಳುವುದೆಂದು ಹೇಳಿ ಬೀಳುವುದಿಲ್ಲ.

2023ರ ಡಿಸೆಂಬರ್ 4ರ ಸಂಜೆ ವಿಜಯಪುರದ ಅಲಿಯಾಬಾದ್ ಕೈಗಾರಿಕಾ ಪ್ರದೇಶದಲ್ಲಿ ಇಂಥದೊಂದು ದುರಂತ ನಡೆಯಿತು. ಧಾನ್ಯ ಸಂಸ್ಕರಿಸುವ ಘಟಕವೊಂದರಲ್ಲಿ ಮೆಕ್ಕೆಜೋಳ ಶೇಖರಿಸಿದ್ದ ಭಾಗ ಕುಸಿಯಿತು. ಕಾಳು ಮತ್ತು ಚೀಲಗಳ ರಾಶಿಯಡಿ ಸಿಲುಕಿ ಏಳು ಮಂದಿ ಕಾರ್ಮಿಕರು ಪ್ರಾಣ ಬಿಟ್ಟರು. ದುಡಿಮೆ ಹುಡುಕಿಕೊಂಡು ದೂರದ ಬಿಹಾರದಿಂದ ಬಂದಿದ್ದವರು ಅವರು. ಅನ್ನವಾಗಬೇಕಾದ ಕಾಳೇ ಉಸಿರು ಕಟ್ಟಿಸಿತು. ಗುಂಡ್ಲುಪೇಟೆ ತಾಲ್ಲೂಕಿನವರಿಗೆ ಕುಸಿತದ ಭಯ ಹೊಸದಲ್ಲ. 2022ರ ಮಾರ್ಚ್ ತಿಂಗಳಲ್ಲಿ ಮಡಹಳ್ಳಿಯ ಬಳಿ ಕಲ್ಲುಗಣಿಯಲ್ಲಿ ಗುಡ್ಡ ಜರಿದು ಕಾರ್ಮಿಕರು ಸತ್ತದ್ದನ್ನು ಅವರು ಮರೆತಿಲ್ಲ. ಗುಡ್ಡವಾಗಲಿ, ಕಾಳಿನ ರಾಶಿಯಾಗಲಿ, ಚೀಲದ ಅಟ್ಟಿಯಾಗಲಿ, ಎತ್ತರದಲ್ಲಿ ಕುಳಿತ ಭಾರಕ್ಕೆ ಒಂದೇ ಸ್ವಭಾವ: ಆಸರೆ ತಪ್ಪಿದ ಕ್ಷಣ ಅದು ಕೆಳಗೆ ಬರುತ್ತದೆ.

ಆದ್ದರಿಂದ ಬಲ್ಲವರು ಚೀಲಗಳನ್ನು ಒಂದರ ಮೇಲೊಂದು ನೇರವಾಗಿ ಇಡುವುದಿಲ್ಲ. ಗೋಡೆ ಕಟ್ಟುವಾಗ ಇಟ್ಟಿಗೆ ಕೂಡಿಸುವಂತೆ ಒಂದು ಸಾಲು ಉದ್ದಕ್ಕೆ, ಮೇಲಿನ ಸಾಲು ಅಡ್ಡಕ್ಕೆ ಇಡುತ್ತಾರೆ. ನೆಲದ ತೇವ ತಾಗದಂತೆ ಅಡಿಗೆ ಮರದ ಹಲಗೆ ಹಾಸುತ್ತಾರೆ. ಗೋಡೆಗೂ ಅಟ್ಟಿಗೂ ನಡುವೆ ಸುಮಾರು ಮುಕ್ಕಾಲು ಮೀಟರ್ ಜಾಗ ಬಿಡುತ್ತಾರೆ. ಪ್ಲಾಸ್ಟಿಕ್ ಚೀಲ ಗೋಣಿಗಿಂತ ಜಾರುವುದರಿಂದ ಅದನ್ನು ಅಷ್ಟೇ ಎತ್ತರಕ್ಕೆ ಪೇರಿಸುವುದಿಲ್ಲ. ತೆಗೆಯುವಾಗ ಮೇಲಿನಿಂದ ಮೆಟ್ಟಿಲು ಮೆಟ್ಟಿಲಾಗಿ ತೆಗೆಯುತ್ತಾರೆಯೇ ಹೊರತು ಅಡಿಯಿಂದ ಎಳೆಯುವುದಿಲ್ಲ.

ಈಗ ಯಂತ್ರಕ್ಕೆ ಬರೋಣ. ಅಮೆರಿಕದ ಕ್ಲಾರ್ಕ್ ಎಂಬ ಕಂಪನಿ 1917ರಲ್ಲಿ ತನ್ನ ಕಾರ್ಖಾನೆಯೊಳಗೆ ಸರಕು ಸಾಗಿಸಲೆಂದು ಒಂದು ಪುಟ್ಟ ಮೋಟಾರು ಗಾಡಿಯನ್ನು ಮಾಡಿಕೊಂಡಿತು. ಇಂದಿನ ಫೋರ್ಕ್‌ಲಿಫ್ಟಿನ ಪೂರ್ವಜರಲ್ಲಿ ಅದೂ ಒಂದು. ಸರಕನ್ನು ಮರದ ಮಣೆಯ ಮೇಲೆ ಜೋಡಿಸಿ, ಮಣೆಯ ಸಮೇತ ಎತ್ತುವ ಪದ್ಧತಿ ಎರಡನೆಯ ಮಹಾಯುದ್ಧದ ಕಾಲದಲ್ಲಿ ಜಗತ್ತಿನೆಲ್ಲೆಡೆ ಹರಡಿತು. ಈ ಮಣೆಗೆ ಪ್ಯಾಲೆಟ್ ಎಂದು ಹೆಸರು.

ಫೋರ್ಕ್‌ಲಿಫ್ಟಿನ ಗುಟ್ಟನ್ನು ತಿಳಿಯಲು ಎತ್ತಿನ ಗಾಡಿಯನ್ನು ನೆನೆಯಿರಿ. ಗಾಡಿಗೆ ಹೇರು ಹೇರುವ ರೈತ ಅಚ್ಚಿನ ಹಿಂದೆ ಎಷ್ಟು, ಮುಂದೆ ಎಷ್ಟು ಎಂದು ನೋಡಿ ಹೇರುತ್ತಾನೆ. ಮುಂಭಾರವಾದರೆ ನೊಗ ಎತ್ತಿನ ಹೆಗಲನ್ನು ಒತ್ತುತ್ತದೆ. ಹಿಂಭಾರವಾದರೆ ನೊಗ ಮೇಲೆದ್ದು ಕೊರಳ ಹಗ್ಗ ಬಿಗಿಯುತ್ತದೆ. ಫೋರ್ಕ್‌ಲಿಫ್ಟ್ ಕೂಡ ಇಂಥದೇ ಒಂದು ಸನ್ನೆ. ಅದರ ಮುಂದಿನ ಚಕ್ರಗಳ ಅಚ್ಚೇ ಆಧಾರ. ಎರಡು ಕಬ್ಬಿಣದ ಫೋರ್ಕುಗಳ ಮೇಲೆ ಕುಳಿತ ಸರಕು ಅಚ್ಚಿನ ಮುಂದೆ. ಅದನ್ನು ತೂಗಲು ಹಿಂಭಾಗದಲ್ಲಿ ಎರಕದ ಕಬ್ಬಿಣದ ದೊಡ್ಡ ತೂಕ. ಎರಡು ಟನ್ ಎತ್ತುವ ಯಂತ್ರ ತಾನೇ ಮೂರು ಟನ್ನಿಗೂ ಹೆಚ್ಚು ತೂಗುವುದು ಇದಕ್ಕಾಗಿಯೇ.

ಎರಡು ಟನ್ ಎಂದು ಬರೆದಿದ್ದರೆ ಎರಡು ಟನ್ ಏನನ್ನಾದರೂ ಎತ್ತಬಹುದೇ? ಇಲ್ಲ. ಒಂದು ಲೆಕ್ಕ ಮಾಡಿ ನೋಡಿ. ಅಚ್ಚಿನಿಂದ ಫೋರ್ಕಿನ ಬುಡಕ್ಕೆ 40 ಸೆಂಟಿಮೀಟರ್ ಇದೆಯೆನ್ನಿ. ಈ ಗಾತ್ರದ ಯಂತ್ರಗಳಲ್ಲಿ ಸರಕಿನ ಗುರುತ್ವಕೇಂದ್ರ ಫೋರ್ಕಿನ ಬುಡದಿಂದ 50 ಸೆಂಟಿಮೀಟರ್ ದೂರದಲ್ಲಿ ಇರುತ್ತದೆಂದು ಭಾವಿಸಿ ಸಾಮರ್ಥ್ಯವನ್ನು ನಮೂದಿಸಿರುತ್ತಾರೆ. ಆಗ ಅಚ್ಚಿನಿಂದ ಒಟ್ಟು ದೂರ 90 ಸೆಂಟಿಮೀಟರ್. 2000 ಕಿಲೋಗ್ರಾಮನ್ನು 90ರಿಂದ ಗುಣಿಸಿದರೆ 1,80,000. ಈಗ ಸರಕು ಉದ್ದವಾಗಿದ್ದು ಅದರ ಗುರುತ್ವಕೇಂದ್ರ 80 ಸೆಂಟಿಮೀಟರ್ ದೂರ ಹೋಯಿತೆನ್ನಿ. ಅಚ್ಚಿನಿಂದ ದೂರ 120 ಸೆಂಟಿಮೀಟರ್ ಆಯಿತು. 1,80,000ವನ್ನು 120ರಿಂದ ಭಾಗಿಸಿದರೆ ಬರುವುದು 1500. ಅದೇ ಯಂತ್ರ, ಅದೇ ಚಾಲಕ. ಸರಕು ಮೂವತ್ತು ಸೆಂಟಿಮೀಟರ್ ಮುಂದೆ ಸರಿದದ್ದಕ್ಕೆ ಅರ್ಧ ಟನ್ ಸಾಮರ್ಥ್ಯ ಕಳೆದುಹೋಯಿತು. ನೀವು ಶಾಲೆಯಲ್ಲಿ ಕಲಿಯುವ ಸನ್ನೆಯ ನಿಯಮ ಇದೇ. ಎತ್ತರಕ್ಕೆ ಎತ್ತಿದಷ್ಟೂ ಸಾಮರ್ಥ್ಯ ಇನ್ನೂ ಕಡಿಮೆಯಾಗಬಹುದು. ಅದಕ್ಕಾಗಿಯೇ ಪ್ರತಿ ಯಂತ್ರದ ಮೇಲೆ ಎಷ್ಟು ದೂರಕ್ಕೆ, ಎಷ್ಟು ಎತ್ತರಕ್ಕೆ ಎಷ್ಟು ಭಾರ ಎಂದು ಬರೆದ ತಗಡಿನ ಫಲಕವಿರುತ್ತದೆ. ಫಲಕ ಕಿತ್ತುಹೋದ ಯಂತ್ರ ತೂಕದ ಕಲ್ಲಿಲ್ಲದ ತಕ್ಕಡಿಯಂತೆ.

ಇನ್ನೊಂದು ವಿಷಯ. ಕಾರು ಮುಂದಿನ ಚಕ್ರಗಳಿಂದ ತಿರುಗಿದರೆ ಫೋರ್ಕ್‌ಲಿಫ್ಟ್ ಹಿಂದಿನ ಚಕ್ರಗಳಿಂದ ತಿರುಗುತ್ತದೆ. ಮುಂಭಾರ ಹೆಚ್ಚಾಗಿ ಹಿಂದಿನ ಚಕ್ರ ನೆಲ ಬಿಟ್ಟರೆ ಯಂತ್ರವನ್ನು ತಿರುಗಿಸುವ ಹಿಡಿತವೇ ಹೋಗುತ್ತದೆ. ತಿರುಗುವಾಗ ಅದರ ಹಿಂಭಾಗ ಹೊರಕ್ಕೆ ಬೀಸುತ್ತದೆ. ಪಕ್ಕದಲ್ಲಿ ನಿಂತವನು ಗೋಡೆಗೂ ಯಂತ್ರಕ್ಕೂ ನಡುವೆ ಸಿಲುಕಬಹುದು. ಹಿಂದಿನ ಅಚ್ಚು ನಡುವೆ ಒಂದೇ ಕೀಲಿನ ಮೇಲೆ ಆಡುವುದರಿಂದ, ನಾಲ್ಕು ಚಕ್ರಗಳಿದ್ದರೂ ಯಂತ್ರ ನಿಂತಿರುವುದು ಮುಕ್ಕಾಲಿಯ ಹಾಗೆ, ಮೂರು ಬಿಂದುಗಳ ಮೇಲೆ. ಯಂತ್ರ ಮತ್ತು ಸರಕು ಎರಡರ ಗುರುತ್ವಕೇಂದ್ರವೂ ಕೂಡಿ ಆ ತ್ರಿಕೋನದೊಳಗೆ ಇರುವಷ್ಟು ಹೊತ್ತು ಕ್ಷೇಮ. ಸರಕನ್ನು ಮೇಲೆತ್ತಿಕೊಂಡೇ ವೇಗವಾಗಿ ತಿರುಗಿದರೆ ಅದು ತ್ರಿಕೋನದ ಆಚೆ ಹೋಗುತ್ತದೆ, ಯಂತ್ರ ಪಕ್ಕಕ್ಕೆ ಮಗುಚುತ್ತದೆ.

ಇಷ್ಟು ತಿಳಿದ ಮೇಲೆ ನಿಯಮಗಳನ್ನು ಬಾಯಿಪಾಠ ಮಾಡಬೇಕಾಗಿಲ್ಲ. ಓಡಿಸುವಾಗ ಫೋರ್ಕನ್ನು ನೆಲದಿಂದ ಒಂದು ಗೇಣಿಗಿಂತ ಮೇಲೆ ಎತ್ತಬಾರದು ಏಕೆ? ಗುರುತ್ವಕೇಂದ್ರ ತಗ್ಗಿನಲ್ಲಿರಲಿ ಎಂದು. ಸರಕು ಹೊತ್ತು ಇಳಿಜಾರಿನಲ್ಲಿ ಇಳಿಯುವಾಗ ಹಿಮ್ಮುಖವಾಗಿ ಇಳಿಯುತ್ತಾರೆ ಏಕೆ? ಸರಕು ಯಾವಾಗಲೂ ಏರಿನ ಕಡೆಗೆ ಇರಲಿ ಎಂದು. ಎತ್ತಿದ ಫೋರ್ಕಿನ ಕೆಳಗೆ ನಡೆಯಬಾರದು, ಫೋರ್ಕಿನ ಮೇಲೆ ನಿಂತು ಮೇಲಿನ ಚೀಲಕ್ಕೆ ಕೈ ಹಾಕಬಾರದು. ಚಾಲಕ ಸೀಟ್ ಬೆಲ್ಟ್ ಕಟ್ಟಿಕೊಂಡಿರಬೇಕು. ಯಂತ್ರ ಮಗುಚುವಾಗ ಹೊರಕ್ಕೆ ಹಾರುವುದು ಸಹಜ ಬುದ್ಧಿ. ಹಾಗೆ ಹಾರಿದವನ ಮೇಲೆಯೇ ಯಂತ್ರದ ಮೇಲ್ಚಾವಣಿ ಬೀಳುತ್ತದೆ. ಬೆಲ್ಟ್ ಕಟ್ಟಿ, ಬಿಗಿಯಾಗಿ ಹಿಡಿದು, ಬೀಳುವ ದಿಕ್ಕಿಗೆ ವಿರುದ್ಧವಾಗಿ ಬಾಗಿ ಒಳಗೇ ಕೂರುವುದು ಕ್ಷೇಮ.

ಇನ್ನು ಬಾಡಿಗೆಯ ವಿಚಾರ. ನಮ್ಮ ಸೀಮೆಯಲ್ಲಿ ಯಂತ್ರವನ್ನು ಬಾಡಿಗೆಗೆ ತರುವುದು ಮಾಮೂಲು. ಟ್ರ್ಯಾಕ್ಟರ್, ಜೆಸಿಬಿ, ಕ್ರೇನು ಎಲ್ಲವೂ ಗಂಟೆಯ ಲೆಕ್ಕದಲ್ಲಿ ಸಿಗುತ್ತವೆ. ರೈತರಿಗೆ ಬಾಡಿಗೆಗೆ ಯಂತ್ರ ಒದಗಿಸಲು ರಾಜ್ಯ ಸರ್ಕಾರ 2014ರಲ್ಲಿ ಕೃಷಿ ಯಂತ್ರಧಾರೆ ಎಂಬ ಯೋಜನೆಯನ್ನೂ ಆರಂಭಿಸಿತು. ವರ್ಷದಲ್ಲಿ ಎರಡು ತಿಂಗಳ ಕೆಲಸಕ್ಕೆ ಲಕ್ಷಾಂತರ ರೂಪಾಯಿ ಸುರಿಯುವುದಕ್ಕಿಂತ ಬಾಡಿಗೆ ಲಾಭದಾಯಕ ಎಂಬುದು ನಿಜ. ಆದರೆ ಬಾಡಿಗೆಯ ಯಂತ್ರಕ್ಕೆ ಒಂದು ಕಷ್ಟವಿದೆ. ಮಾಲೀಕ ಒಬ್ಬ, ಚಾಲಕ ಇನ್ನೊಬ್ಬ, ಕೆಲಸ ಮಾಡಿಸುವವನು ಮತ್ತೊಬ್ಬ. ಎಣ್ಣೆ ಸೋರುತ್ತಿದ್ದರೆ ಮಾಲೀಕ ನೋಡಿಕೊಳ್ಳಲಿ ಎಂದು ಬಾಡಿಗೆದಾರ, ಅಲ್ಲಿರುವವರು ನೋಡಿಕೊಳ್ಳಲಿ ಎಂದು ಮಾಲೀಕ, ನನ್ನ ಕೆಲಸ ಓಡಿಸುವುದು ಎಂದು ಚಾಲಕ. ಹತ್ತು ಜನರ ದನ ಹಸಿದು ಸತ್ತಂತೆ ಆಗುತ್ತದೆ.

ಇದಕ್ಕೆ ಪರಿಹಾರ ಕಾಗದದಲ್ಲಿದೆ. ಯಂತ್ರ ಬರುವ ಮೊದಲೇ ಯಾರು ಏನನ್ನು ನೋಡಿಕೊಳ್ಳಬೇಕು, ಕೆಟ್ಟರೆ ಯಾರನ್ನು ಕರೆಯಬೇಕು, ಚಾಲಕನಿಗೆ ತರಬೇತಿ ಆಗಿದೆಯೇ, ವಿಮೆ ಇದೆಯೇ ಎಂಬುದನ್ನು ಬರೆದುಕೊಳ್ಳಬೇಕು. ಕೊನೆಯ ಪರೀಕ್ಷೆಯ ದಾಖಲೆ ಕೇಳಬೇಕು. ಎತ್ತುವ ಯಂತ್ರಗಳನ್ನು ಹನ್ನೆರಡು ತಿಂಗಳಿಗೊಮ್ಮೆಯಾದರೂ ಅರ್ಹ ವ್ಯಕ್ತಿಯಿಂದ ಪೂರ್ಣವಾಗಿ ಪರೀಕ್ಷಿಸಬೇಕು, ಸುರಕ್ಷಿತ ಭಾರವನ್ನು ಯಂತ್ರದ ಮೇಲೆ ಸ್ಪಷ್ಟವಾಗಿ ಬರೆಯಬೇಕು, ಅದನ್ನು ಮೀರಬಾರದು ಎಂದು 1948ರ ಕಾರ್ಖಾನೆಗಳ ಕಾಯ್ದೆಯ 29ನೆಯ ಸೆಕ್ಷನ್ ವಿಧಿಸಿತ್ತು. ಕಾಯ್ದೆಗಳು ಬದಲಾಗಬಹುದು, ಆ ಮಾತಿನ ಹಿಂದಿನ ವಿವೇಕ ಬದಲಾಗುವುದಿಲ್ಲ.

ವರ್ಷದ ಪರೀಕ್ಷೆಯಷ್ಟೇ ಮುಖ್ಯವಾದದ್ದು ಬೆಳಗಿನ ಐದು ನಿಮಿಷ. ಟೈರು, ಬ್ರೇಕು, ಹಾರನ್ನು, ದೀಪ, ಹೈಡ್ರಾಲಿಕ್ ಎಣ್ಣೆಯ ಮಟ್ಟ, ಪೈಪುಗಳ ಸೋರಿಕೆ, ಚೈನು, ಫೋರ್ಕು ಇವನ್ನು ಯಂತ್ರ ಚಾಲೂ ಮಾಡುವ ಮುನ್ನ ನೋಡಬೇಕು. ಎತ್ತುವ ಚೈನು ಬಳಸಿ ಬಳಸಿ ಉದ್ದವಾಗುತ್ತದೆ. ನೂರಕ್ಕೆ ಮೂರರಷ್ಟು ಉದ್ದವಾದರೆ ಬದಲಾಯಿಸಬೇಕು. ಫೋರ್ಕಿನ ಬಾಗಿದ ಬುಡದ ದಪ್ಪ ನೂರಕ್ಕೆ ಹತ್ತರಷ್ಟು ಸವೆದರೆ ಅದರ ಶಕ್ತಿ ಸುಮಾರು ನೂರಕ್ಕೆ ಇಪ್ಪತ್ತರಷ್ಟು ಕುಂದುತ್ತದೆ. ಕಣ್ಣಿಗೆ ಸಣ್ಣದಾಗಿ ಕಾಣುವ ಸವೆತ ಬಲದಲ್ಲಿ ದೊಡ್ಡ ನಷ್ಟ. ಕೆಟ್ಟ ಯಂತ್ರಕ್ಕೆ ಚೀಟಿ ಕಟ್ಟಿ, ಕೀಲಿ ತೆಗೆದಿಟ್ಟು ನಿಲ್ಲಿಸಬೇಕು. ಇವತ್ತೊಂದು ದಿನ ನಡೆಯಲಿ ಎನ್ನುವ ಮಾತೇ ಅನೇಕ ಅಪಘಾತಗಳ ಮೊದಲ ಮಾತು.

ಕಣ್ಣಿಗೆ ಕಾಣದ ಅಪಾಯವೂ ಗೋದಾಮಿನಲ್ಲಿದೆ. ಡೀಸೆಲ್ ಅಥವಾ ಗ್ಯಾಸಿನ ಯಂತ್ರವನ್ನು ಮುಚ್ಚಿದ ಕೋಣೆಯಲ್ಲಿ ಓಡಿಸಿದರೆ ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡ್ ತುಂಬಿಕೊಳ್ಳುತ್ತದೆ. ಬ್ಯಾಟರಿಯ ಯಂತ್ರಕ್ಕೆ ಹೊಗೆಯಿಲ್ಲ ನಿಜ. ಆದರೆ ಸೀಸದ ಬ್ಯಾಟರಿ ಚಾರ್ಜಾಗುವಾಗ ಹೈಡ್ರೋಜನ್ ಹೊಮ್ಮುತ್ತದೆ. ಗಾಳಿಯಲ್ಲಿ ಅದು ನೂರಕ್ಕೆ ನಾಲ್ಕು ಭಾಗ ಮುಟ್ಟಿದರೆ ಒಂದು ಕಿಡಿ ಸಾಕು. ಹುಳು ಕೊಲ್ಲಲು ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆ ಇಟ್ಟು ಟಾರ್ಪಾಲು ಮುಚ್ಚಿದ ಅಟ್ಟಿಯಿಂದ ಫಾಸ್ಫೀನ್ ಎಂಬ ವಿಷಾನಿಲ ಬರುತ್ತದೆ. ಎಚ್ಚರಿಕೆಯ ಫಲಕ ಇರುವ ಗೋದಾಮಿನೊಳಗೆ, ಮರೆತ ವಸ್ತು ತರಲೆಂದು ಕೂಡ, ಕಾಲಿಡಬಾರದು.

ಕೊನೆಗೆ ಅವಸರದ ಮಾತು. ಬಂಡೀಪುರದ ಕಾಡಿನ ರಸ್ತೆಗಳಲ್ಲಿ 2009ರಿಂದ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ವಾಹನ ಸಂಚಾರಕ್ಕೆ ನಿರ್ಬಂಧವಿದೆ. ವನ್ಯಜೀವಿಗಳ ರಕ್ಷಣೆಗೆ ಅದು ಅಗತ್ಯ. ಆದರೆ ಗೇಟು ಹಾಕುವ ಮೊದಲು ಲಾರಿ ದಾಟಬೇಕೆಂದರೆ ಸಂಜೆಯ ಲೋಡಿಂಗಿಗೆ ಆತುರ ಹತ್ತುತ್ತದೆ. ಎರಡು ಸಲ ಎತ್ತಬೇಕಾದ್ದನ್ನು ಒಂದೇ ಸಲ ಎತ್ತುವ ಆಸೆ ಹುಟ್ಟುವುದು ಆಗಲೇ. ಗೇಟು ಬೆಳಗ್ಗೆ ಮತ್ತೆ ತೆರೆಯುತ್ತದೆ. ಹೋದ ಕಾಲು, ಹೋದ ಜೀವ ಮರಳುವುದಿಲ್ಲ.

ವಿದ್ಯಾರ್ಥಿ ಮಿತ್ರರೇ, ನಿಮ್ಮಲ್ಲಿ ಕೆಲವರು ನಾಳೆ ಐಟಿಐ ಸೇರುತ್ತೀರಿ, ಕೆಲವರು ಚಾಮರಾಜನಗರದ ಬದನಗುಪ್ಪೆ, ಕೆಲ್ಲಂಬಳ್ಳಿ ಕೈಗಾರಿಕಾ ಪ್ರದೇಶದಲ್ಲೋ ನಂಜನಗೂಡಿನಲ್ಲೋ ಕೆಲಸಕ್ಕೆ ಹೋಗುತ್ತೀರಿ, ಕೆಲವರು ವ್ಯಾಪಾರ ನಡೆಸಿ ಬೇರೆಯವರಿಗೆ ಕೆಲಸ ಕೊಡುತ್ತೀರಿ. ಹದಿನೆಂಟು ತುಂಬುವ ಮೊದಲು, ತರಬೇತಿ ಪಡೆಯುವ ಮೊದಲು ಇಂಥ ಯಂತ್ರದ ಸೀಟಿನಲ್ಲಿ ಕೂರಬೇಡಿ. ಸಲಿಗೆಯಿಂದ ಯಾರಾದರೂ ಕೂರಿಸಿದರೂ ಬೇಡ. ಮುಂದೆ ಯಜಮಾನರಾದಾಗ, ಈ ಯಂತ್ರ ಸರಿಯಿಲ್ಲ ಎಂದು ಹೇಳುವ ಹಮಾಲನ ಕೂಲಿ ಕತ್ತರಿಸಬೇಡಿ. ಅವನ ಮಾತು ಕೇಳಿ. ಯಂತ್ರಕ್ಕೆ ಬಲವಿದೆ, ಕಣ್ಣಿಲ್ಲ. ಆ ಕಣ್ಣು ಅದನ್ನು ಓಡಿಸುವವರದು, ಬಾಡಿಗೆಗೆ ಕೊಡುವವರದು, ಅದರ ಪಕ್ಕದಲ್ಲಿ ದುಡಿಯುವವರದು.