ಊರಿಗೆಲ್ಲ ಗೊತ್ತಿದ್ದ ಗುಟ್ಟು



ಪತ್ತೇದಾರಿ ಕಾದಂಬರಿಯಲ್ಲಿ ಗ್ರಾಮದ ನೆಲೆಯನ್ನು ಕುರಿತ ಈ ವಿಚಾರಸಂಕಿರಣವು ಹಾನಗಲ್ಲಿನಲ್ಲಿ ನಡೆಯುವುದು ಉಚಿತವೆಂದು ನಾನು ಹೇಳಿದರೆ ಅದು ಬರಿಯ ಉಪಚಾರದ ಮಾತಲ್ಲ. ವಿರಾಟನಗರಿಯು ಇದೇ ಎಂದು ಪರಂಪರೆಯಿಂದ ನಂಬಿಕೊಂಡು ಬಂದ ಊರು ಇದು. ಇಲ್ಲಿಯ ನಾಟ್ಯಶಾಲೆಯಲ್ಲಿ ಒಂದಿರುಳು, ಕೈ ಯಾವುದು ಕಾಲು ಯಾವುದೆಂದು ತಿಳಿಯದಂತೆ ಮುದ್ದೆಯಾಗಿ ಬಿದ್ದ ಕೀಚಕನ ಶವವನ್ನು ಕಂಡ ಜನರು ಆ ಕೃತ್ಯವನ್ನು ಗಂಧರ್ವರ ತಲೆಗೆ ಕಟ್ಟಿ ಸುಮ್ಮನಾಗಿರಲು, ದೂರದ ಹಸ್ತಿನಾವತಿಯಲ್ಲಿ ಕುಳಿತ ದುರ್ಯೋಧನನು ಗೂಢಚಾರರು ತಂದ ವಾರ್ತೆಯೊಂದನ್ನೇ ಆಧಾರವಾಗಿ ಹಿಡಿದು, ಹೀಗೆ ಕೊಲ್ಲಬಲ್ಲ ತೋಳು ಭೀಮನದಲ್ಲದೆ ಬೇರೆಯದಲ್ಲವೆಂದು ತರ್ಕಿಸಿದ ಪ್ರಸಂಗವು ನಮ್ಮ ಬಯಲಾಟದ ಭಾಗವತರೆಲ್ಲರಿಗೂ ಪರಿಚಿತವಾದುದೇ. ಆಸನದಿಂದೇಳದೆ ಅಪರಾಧಿಯನ್ನು ಗುರುತಿಸುವ ಆ ವಿದ್ಯೆಯು ಖಳನಾಯಕನ ಪಾಲಿಗೆ ಬಂದಿತೆಂಬುದು ಒಂದು ಸ್ವಾರಸ್ಯ. ಕೊಂದವನಾರೆಂಬುದನ್ನು ಕವಿಗಳು ಶ್ರೋತೃಗಳಿಂದ ಮರೆಮಾಡಲೇ ಇಲ್ಲವೆಂಬುದು ಅದಕ್ಕಿಂತ ದೊಡ್ಡ ಸ್ವಾರಸ್ಯ. ಗುಟ್ಟು ಉಳಿದೀತೋ ಒಡೆದೀತೋ ಎಂಬುದರ ಮೇಲೆಯೇ ಆ ಕಥೆಯ ಕುತೂಹಲವೆಲ್ಲ ನಿಂತಿದೆ.

ನಮ್ಮ ಪತ್ತೇದಾರಿ ಸಾಹಿತ್ಯದ ಇತಿಹಾಸವನ್ನು ನಾನಿಲ್ಲಿ ವಿಸ್ತರಿಸಲಾರೆ. ಎದುರಿನ ಸಾಲಿನಲ್ಲಿ ಕುಳಿತಿರುವ ಮಿತ್ರರು ಅದನ್ನು ನನಗಿಂತ ಚೆನ್ನಾಗಿ ಬಲ್ಲರು, ಮಧ್ಯಾಹ್ನ ಹೇಳುವವರೂ ಇದ್ದಾರೆ. ಐನೂರಕ್ಕೂ ಮಿಕ್ಕಿ ಕಾದಂಬರಿಗಳನ್ನು ಬರೆದ ಎನ್. ನರಸಿಂಹಯ್ಯನವರೂ ಕನ್ನಡದ ಬಾವುಟವನ್ನು ರೂಪಿಸಿದ ಮ. ರಾಮಮೂರ್ತಿಯವರೂ ಕನ್ನಡಕ್ಕೆ ಓದುಗರನ್ನು ಸಂಪಾದಿಸಿಕೊಡುತ್ತಿದ್ದಾಗ ಪಂಡಿತವರ್ಗವು ಮುಖ ತಿರುಗಿಸಿಕೊಂಡಿತ್ತೆಂಬುದನ್ನು ಮಾತ್ರ ನೆನೆದು ಮುಂದೆ ಹೋಗುತ್ತೇನೆ. ಸವಣೂರಿನಲ್ಲಿ 1909ರಲ್ಲಿ ಜನಿಸಿದ ವಿನಾಯಕ ಕೃಷ್ಣ ಗೋಕಾಕರು, ಹತ್ತಿಮತ್ತೂರಿನ ಚಂದ್ರಶೇಖರ ಪಾಟೀಲರು, ಬೊಮ್ಮನಹಳ್ಳಿಯ ಆಮೂರರು, ಇವರನ್ನೆಲ್ಲ ನೆನೆದರೆ ಸವಣೂರಿನ ವೀಳ್ಯದೆಲೆಯಂತೆಯೇ ಇಂಗ್ಲಿಷ್ ಪ್ರಾಧ್ಯಾಪಕರೂ ಈ ಸೀಮೆಯ ಬೆಳೆಯೆನ್ನಬೇಕು. ಆದರೂ ನಮ್ಮ ತರಗತಿಗಳಿಗೆ ಷೇಕ್ಸ್‌ಪಿಯರ್ ಬಂದ, ವರ್ಡ್ಸ್‌ವರ್ತ್ ಬಂದ. ಅಗಾಥಾ ಕ್ರಿಸ್ಟಿ ಮಾತ್ರ ರೈಲು ನಿಲ್ದಾಣದ ಪುಸ್ತಕದಂಗಡಿಯಲ್ಲೇ ಉಳಿದಳು.

ನಾವು ದಾರಿ ತಪ್ಪಿದುದು ಇಲ್ಲಿಯೇ ಎಂದು ನಾನು ಬಹುಕಾಲದಿಂದ ಹೇಳುತ್ತ ಬಂದಿದ್ದೇನೆ. ಒಗಟು ನಮಗೆ ಪರಕೀಯವಲ್ಲ. ಮುಂಡಿಗೆಗಳನ್ನು ಹಾಡಿದ ಕನಕದಾಸರ ಬಾಡವು ಶಿಗ್ಗಾಂವಿ ತಾಲೂಕಿನಲ್ಲಿದೆ, ತ್ರಿಪದಿಯಲ್ಲಿ ಒಗಟು ಕಟ್ಟಿದ ಸರ್ವಜ್ಞನ ಅಬಲೂರು ಹಿರೇಕೆರೂರಿನ ನೆರೆಯಲ್ಲಿದೆ. ಹೀಗಿದ್ದೂ ನಾವು ಇಂಗ್ಲಿಷಿನಿಂದ ನಗರವಾಸಿಯಾದ ಪತ್ತೇದಾರನನ್ನು ತಂದೆವು, ಅವನ ವೇಷಾಂತರಗಳನ್ನು ತಂದೆವು. ಆ ಕಲೆಯ ಜೀವಾಳವಾದ ಹಳ್ಳಿಯನ್ನು ಅಲ್ಲಿಯೇ ಬಿಟ್ಟು ಬಂದೆವು. 1930ರಲ್ಲಿ ಕ್ರಿಸ್ಟಿಯ ‘ದಿ ಮರ್ಡರ್ ಅಟ್ ದಿ ವಿಕರೇಜ್’ ಕೃತಿಯೊಡನೆ ಸೇಂಟ್ ಮೇರಿ ಮೀಡ್ ಎಂಬ ಹಳ್ಳಿಯ ಮಿಸ್ ಮಾರ್ಪಲ್ ಮುದುಕಿಯು ಹೆಣಿಗೆಯ ಕಡ್ಡಿ ಹಿಡಿದು ಕಾದಂಬರಿಲೋಕಕ್ಕೆ ಬಂದಳಷ್ಟೆ. ಅವಳ ಜಗತ್ತಿನಲ್ಲಿ ಕೊಂದವನಾರೆಂದು ಯಾರಿಗೂ ತಿಳಿಯದು, ಆದರೆ ಕೇಳಿದರೆ ಎಲ್ಲರೂ ಮಾತಾಡುತ್ತಾರೆ. 1950ರ ‘ಎ ಮರ್ಡರ್ ಈಸ್ ಅನೌನ್ಸ್ಡ್’ನಲ್ಲಿ ಅವಳೇ ಇನ್ನೊಂದು ಸೂಕ್ಷ್ಮವನ್ನು ಕಾಣುತ್ತಾಳೆ: ಯುದ್ಧಾನಂತರ ಹಳ್ಳಿಗೆ ಬಂದು ನೆಲಸಿದವರ ವಿಷಯದಲ್ಲಿ ಅವರು ತಮ್ಮನ್ನು ಕುರಿತು ಹೇಳಿಕೊಂಡುದಲ್ಲದೆ ಬೇರೆ ಸಾಕ್ಷ್ಯವಿಲ್ಲ. ನಮ್ಮಲ್ಲಿಯಾದರೋ ಹೆಳವನು ಎತ್ತಿನ ಮೇಲೆ ಬಂದು, ಗಂಟೆ ಬಾರಿಸಿ, ಮನೆಯ ಮುಂದೆ ನಿಂತು ಮುತ್ತಜ್ಜನ ಮುತ್ತಜ್ಜನಿಂದ ಮೊದಲುಮಾಡಿ ವಂಶಾವಳಿಯನ್ನೇ ಹೇಳುತ್ತಾನೆ. ಅಂಥ ಊರಿನಲ್ಲಿ ಸುಳ್ಳು ಹೆಸರಿನಿಂದ ಬಾಳುವುದೆಂತು?

ಇದೇ ತಾಲೂಕಿನ ಒಂದು ಊರು, ಹೆಸರು ಬೇಡ. ನಾನಾಗ ಹುಡುಗ. ಬಣವಿಗೆ ಬೆಂಕಿ ಬಿದ್ದ ಮರುದಿನ ಫೌಜದಾರರು ಚಾವಡಿಯಲ್ಲಿ ಕುಳಿತು ಪಂಚನಾಮೆ ಬರೆಸುತ್ತಿದ್ದರು. ಗದರಿಸಿ ಕೇಳಿದಾಗ ತಳವಾರನು ಹೆಗಲ ಕಂಬಳಿಯನ್ನು ಸರಿಪಡಿಸಿಕೊಂಡು, “ಹಚ್ಚಿದವ್ರನ್ನ ನಾ ನೋಡಿಲ್ರೀ ಸಾಹೇಬ್ರ, ನೋಡಿದವ್ರನ್ನೂ ನೋಡಿಲ್ರೀ” ಎಂದ. ಪಂಚರು ಹೆಬ್ಬೆಟ್ಟೊತ್ತಿದರು. ಆದರೆ ಅಂದಿನ ಸಂಜೆಯಿಂದ ಒಂದು ಮನೆಗೆ ಹೆಪ್ಪು ಕೇಳಲು ಯಾರೂ ಬಟ್ಟಲು ಹಿಡಿದು ಹೋಗಲಿಲ್ಲ. ಆ ಮನೆಯ ಸೊಸೆ ತಾನಾಗಿಯೇ ಹೆಪ್ಪು ತಂದು ನೆರೆಮನೆಯ ಹೊಸ್ತಿಲಲ್ಲಿ ನಿಂತಾಗ, ಒಳಗಿನಿಂದ “ಇವತ್ತ ಹಾಲ ಕಾಸಿಲ್ಲವ್ವಾ” ಎಂಬ ಉತ್ತರ ಬಂತು. ಹಾಲು ಉಕ್ಕಿ ಒಲೆಗೆ ಬಿದ್ದ ವಾಸನೆ ಬೀದಿಗೆಲ್ಲ ಹರಡಿತ್ತು.

ತೀರ್ಪು ಹೀಗೆ ಮೊದಲೇ ಆಗಿಹೋದ ಊರಿನಲ್ಲಿ ಪತ್ತೇದಾರನ ಸ್ಥಾನವೆಲ್ಲಿ ಎಂಬುದೇ ನನ್ನ ಪ್ರಶ್ನೆ. ಒಳಗಿನವನಾದರೆ ಅವನಿಗೆ ಮೊದಲೇ ಗೊತ್ತು, ಮೌನಕ್ಕೆ ಅವನೂ ಕಟ್ಟುಬಿದ್ದವನು; ಹೊರಗಿನವನಾದರೆ ಅವನ ಮುಂದೆ ಬಾಯಿ ಬಿಡುವವರಿಲ್ಲ. ತೇಜಸ್ವಿಯವರು ‘ಚಿದಂಬರ ರಹಸ್ಯ’ದಲ್ಲಿ ಕೆಸರೂರಿಗೆ ಅಂಗಡಿಯೆಂಬ ಅಧಿಕಾರಿಯನ್ನು ಹೊರಗಿನಿಂದ ಕಳಿಸಿದರು, ಆತನ ತನಿಖೆಗಿಂತ ಊರೇ ದೊಡ್ಡದಾಗಿ ಬೆಳೆದು ಕಾದಂಬರಿಯನ್ನೆಲ್ಲ ಆವರಿಸಿತು. ಸವಣೂರು 1948ರವರೆಗೆ ನವಾಬರ ಸಂಸ್ಥಾನವಾಗಿದ್ದು, ಶಿಗ್ಗಾಂವಿಯ ಫೌಜದಾರನ ಅಧಿಕಾರವು ಅದರ ಸೀಮೆಗಲ್ಲಿನ ಬಳಿ ಮುಗಿಯುತ್ತಿದ್ದ ಕಾಲವನ್ನು ಒಬ್ಬ ಕಾದಂಬರಿಕಾರನೂ ಬಳಸಿಕೊಂಡುದು ನನ್ನ ಕಣ್ಣಿಗೆ ಬಿದ್ದಿಲ್ಲ; ಇರಲಿ, ಅದು ಬೇರೆ ವ್ಯಸನ.

ನನ್ನ ಮಿತ್ರರು ಕೇಳಿ ಕೇಳಿ ಬೇಸತ್ತಿರುವ ಊಹೆಯೊಂದುಂಟು: ಪೂರ್ತಿ ಒಳಗಿನವನೂ ಅಲ್ಲದ, ಪೂರ್ತಿ ಹೊರಗಿನವನೂ ಅಲ್ಲದ ಆ ಹೆಳವನೇ ನಮ್ಮ ಪತ್ತೇದಾರನಾಗಬಾರದೇಕೆ? ಪ್ರತಿ ಮನೆಯ ಹುಟ್ಟುಸಾವುಗಳನ್ನು ಬಲ್ಲವನು, ಹೇಳುವುದೇ ಕಸುಬಾದವನು. ಆದರೆ ಅವನ ಜೋಳಿಗೆಗೆ ಕಾಳು ಬೀಳುವುದು ಅದೇ ಮನೆಗಳಿಂದ. ಕೊಲೆಗಾರನ ಅಂಗಳದಲ್ಲಿ ನಿಂತು ಅವನು ಏನು ಹೇಳಿಯಾನು, ಯಾವ ತಲೆಮಾರಿನ ಬಳಿ ತಡೆದು ನಿಂತಾನು? ಇದನ್ನು ಬಿಡಿಸಲು ನನ್ನಿಂದಾಗಿಲ್ಲ. ಚಹ ಆರುತ್ತಿದೆಯೆಂದು ಸಂಚಾಲಕರು ಸನ್ನೆ ಮಾಡುತ್ತಿರುವುದರಿಂದ, ಮೊದಲ ಗೋಷ್ಠಿಯ ತರುಣ ಪ್ರಬಂಧಕಾರರಿಗೆ ಇದನ್ನು ಒಪ್ಪಿಸಿ, ಅವರ ಉತ್ತರವನ್ನು ಕೇಳಲು ಮುಂದಿನ ಸಾಲಿನಲ್ಲಿ ಕುಳಿತಿರುತ್ತೇನೆ.