ಆರೋಗ್ಯದ ಸಲಹೆಯನ್ನು ಕಟ್ಟುವ ಬಗೆ

(ಮಂಗನ ಕಾಯಿಲೆಯನ್ನು ಕುರಿತು ಗ್ರಾಮಸೇವಕರು ಮಾಡಿದ ಭಾಷಣ)



ಗ್ರಾಮಸೇವಕನೆಂದರೆ ಬೀಜ ಗೊಬ್ಬರಗಳ ಮಾತಾಡುವವನು. ಇವನೇಕೆ ಕಾಯಿಲೆಯ ಮಾತೆತ್ತಿದ ಎಂದು ತಮ್ಮಲ್ಲಿ ಕೆಲವರಿಗೆ ಅನ್ನಿಸಬಹುದು. ಕಾರಣವಿದೆ. ಚಳಿ ಇಳಿಯುತ್ತ ಬಂದಿತೆಂದರೆ ನಮ್ಮ ಮಲೆನಾಡಿನಲ್ಲಿ ದರಕು ಗುಡಿಸುವ ಕಾಲ. ಅದೇ ಕಾಲಕ್ಕೆ ಆರೋಗ್ಯ ಇಲಾಖೆಯವರು ಬಂದು, ಕಾಡಿಗೆ ಹೋಗಬೇಡಿ, ದರಕು ತರಬೇಡಿ ಎನ್ನುತ್ತಾರೆ. ದರಕಿಲ್ಲದೆ ಕೊಟ್ಟಿಗೆ ಗೊಬ್ಬರವೆಲ್ಲಿ, ಗೊಬ್ಬರವಿಲ್ಲದೆ ಅಡಿಕೆ ತೋಟವೆಲ್ಲಿ ಎಂದು ತಾವು ಕೇಳುತ್ತೀರಿ. ಎರಡು ಮಾತೂ ನ್ಯಾಯವಾದುವೇ. ಆದುದರಿಂದ ಇಂಥ ಸಲಹೆಯನ್ನು ಯಾವ ಲೆಕ್ಕದಿಂದ ಕಟ್ಟುತ್ತಾರೆ, ಎಲ್ಲಿ ಅದು ಗಟ್ಟಿ, ಎಲ್ಲಿ ಸಡಿಲ ಎಂಬುದನ್ನು ಇಂದು ನೋಡೋಣ.

ಬೆಳೆ ಹಳದಿಯಾದರೆ ನಾವು ಮೊದಲು ಕೇಳುವುದೇನು? ರೋಗವೋ, ಹುಳುವೋ, ನೀರು ನಿಂತಿತೋ? ಅದು ಗೊತ್ತಾಗದೆ ಔಷಧ ಸಿಂಪಡಿಸಿದರೆ ಹಣ ಮಣ್ಣುಪಾಲು. ಕಾಯಿಲೆಯಲ್ಲೂ ಹೀಗೆಯೇ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಆಸುಪಾಸಿನಲ್ಲಿ ಮಂಗಗಳು ಸತ್ತು ಬಿದ್ದುವು, ಜನರಿಗೂ ಜ್ವರ ಬಂದಿತು. ಮಂಗಗಳು ಸತ್ತದ್ದನ್ನು ಕಂಡು ಮೊದಲು ಹಳದಿ ಜ್ವರದ ಶಂಕೆ ಹುಟ್ಟಿತು. ಅದು ಸೊಳ್ಳೆಯಿಂದ ಹರಡುವ ಜ್ವರ. ಆ ಶಂಕೆಯ ಮೇಲೆಯೇ ಸಲಹೆ ಕಟ್ಟಿದ್ದರೆ ಊರೆಲ್ಲ ಸೊಳ್ಳೆ ಹೊಡೆಯುತ್ತ ಕೂರಬೇಕಾಗುತ್ತಿತ್ತು! ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಪರೀಕ್ಷಿಸಿ, ಇದು ಬೇರೆಯೇ ಒಂದು ವೈರಸ್ಸು, ಹರಡುವುದು ಉಣುಗಿನಿಂದ ಎಂದು ತೋರಿಸಿದರು.

ಕಾರಣ ತಿಳಿದ ಮೇಲೆ ಸರಪಣಿಯನ್ನು ಬರೆದುಕೊಳ್ಳಬೇಕು. ಉಣುಗಿನ ಮರಿ ಕಾಡಿನ ಇಲಿ ಮುಂತಾದ ಸಣ್ಣ ಪ್ರಾಣಿಗಳ ಮೇಲೂ ಮಂಗಗಳ ಮೇಲೂ ಬದುಕುತ್ತದೆ. ಬಲಿತ ಉಣುಗು ನಮ್ಮ ದನಗಳ ರಕ್ತ ಕುಡಿದು ಸಂತತಿ ಬೆಳೆಸುತ್ತದೆ. ದನಕ್ಕೆ ಈ ಕಾಯಿಲೆ ಬರುವುದಿಲ್ಲ. ಮಂಗ ಸತ್ತು ಬಿದ್ದಾಗ ಅದರ ಮೈಮೇಲಿನ ಉಣುಗುಗಳು ಅಲ್ಲಿಯೇ ನೆಲಕ್ಕೆ ಇಳಿಯುತ್ತವೆ. ಆ ಜಾಗವೇ ವಿಷದ ಮಡು. ನವೆಂಬರಿನಿಂದ ಮೇ ತಿಂಗಳವರೆಗೆ ಕಣ್ಣಿಗೆ ಕಾಣುವಷ್ಟೇ ಇರುವ ಎಳೆಯ ಉಣುಗುಗಳು ತರಗೆಲೆಯಲ್ಲಿ ಕಾದಿರುತ್ತವೆ. ಮನುಷ್ಯನೊಡನೆ ಈ ಸರಪಣಿ ಮುಗಿಯುತ್ತದೆ. ಒಬ್ಬರಿಂದ ಒಬ್ಬರಿಗೆ ಇದು ಅಂಟುವುದಿಲ್ಲ. ರೋಗಿಯ ಮನೆಯ ನೀರು ಮುಟ್ಟದಿರುವುದು, ಅವರ ಮನೆಗೆ ಆಳು ಹೋಗದಿರುವುದು ಶುದ್ಧ ಅನ್ಯಾಯ. ಈ ಮಾತನ್ನು ದಯವಿಟ್ಟು ಮನೆಮನೆಗೆ ಮುಟ್ಟಿಸಿರಿ.

ಇನ್ನು, ಸರಪಣಿಯನ್ನು ಎಲ್ಲಿ ಕಡಿಯುವುದು? ಇಡೀ ಕಾಡಿನ ಉಣುಗನ್ನು ಕೊಲ್ಲಲಾಗದು. ಆದರೆ ಮಂಗ ಸತ್ತ ಜಾಗದ ಸುತ್ತ 50 ಮೀಟರಿನಷ್ಟಕ್ಕೆ ಪುಡಿ ಎರಚಬಹುದು. ಅದಕ್ಕಾಗಿಯೇ ಸತ್ತ ಮಂಗವನ್ನು ಮುಟ್ಟದೆ ಕೂಡಲೇ ತಿಳಿಸಿರಿ ಎನ್ನುವುದು. ಬರಿಯ ಸರ್ಕಾರಿ ಲೆಕ್ಕಕ್ಕಾಗಿ ಅಲ್ಲ. ಕಾಡಿಗೆ ಹೋಗಲೇಬೇಕಾದವರು ಮೈ ಮುಚ್ಚುವ ಬಟ್ಟೆ ತೊಟ್ಟು, ಇಲಾಖೆ ಕೊಡುವ ಡೇಪಾ ತೈಲವನ್ನು ಕೈಕಾಲಿಗೆ ಬಳಿದುಕೊಳ್ಳಬೇಕು. ಬೆವರಿಗೆ ತೈಲ ಹೋಗುತ್ತದೆ. ಬೆಳಿಗ್ಗೆ ಬಳಿದದ್ದು ಸಂಜೆಯವರೆಗೆ ಕಾಯುತ್ತದೆಂದು ನಂಬಿ ಕೂರಬೇಡಿ. ಮನೆಗೆ ಬಂದೊಡನೆ ಬಿಸಿನೀರಿನ ಸ್ನಾನ, ಬಟ್ಟೆಗೂ ಬಿಸಿನೀರು.

ಚುಚ್ಚುಮದ್ದಿನ ಕಥೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. 1990ರಿಂದ ನಮ್ಮಲ್ಲಿ ಲಸಿಕೆ ಕೊಡುತ್ತಿದ್ದರು. 2005ರಿಂದ 2010ರವರೆಗಿನ ಅಂಕಿಗಳನ್ನು ತೂಗಿ ನೋಡಿದಾಗ, ಎರಡು ಸಲ ಹಾಕಿಸಿಕೊಂಡವರಿಗೆ ನೂರಕ್ಕೆ ಸುಮಾರು 62ರಷ್ಟು, ಮೇಲೆ ಬಲವರ್ಧಕವನ್ನೂ ಹಾಕಿಸಿಕೊಂಡವರಿಗೆ ಸುಮಾರು 83ರಷ್ಟು ರಕ್ಷಣೆ ಕಂಡಿತು. ಆಮೇಲೆ ಅದರ ಶಕ್ತಿಯ ಬಗೆಗೆ ಸಂಶಯ ಬೆಳೆದು 2022ರಲ್ಲಿ ಅದನ್ನು ನಿಲ್ಲಿಸಿದರು. ಸರ್ಕಾರ ಮಾತು ಬದಲಿಸಿತು ಎಂದು ಕೆಲವರು ಸಿಟ್ಟಾಗುತ್ತಾರೆ. ನನ್ನ ಅಭಿಪ್ರಾಯ ಬೇರೆ. ಒಂದು ಕಾಲಕ್ಕೆ ಶಿಫಾರಸು ಮಾಡಿದ ತಳಿಗೆ ಬೆಂಕಿ ರೋಗ ಬಿದ್ದರೆ ನಾವೇ ಅದನ್ನು ಬಿಡಿರೆಂದು ಹೇಳುವುದಿಲ್ಲವೆ? ಅಳೆದು ನೋಡಿ ಬಿಟ್ಟುದು ಸರಿಯೇ. ಬಿಟ್ಟ ಕಾರಣವನ್ನು ಊರಿಗೆ ಬಂದು ಹೇಳಬೇಕಾಗಿತ್ತು, ಅಷ್ಟೆ. ಹಿಂದೆ ಚುಚ್ಚಿಸಿಕೊಂಡವರು ಆ ಧೈರ್ಯದ ಮೇಲೆ ತೈಲ ಬಿಡಬಾರದು.

ಕಡೆಯ ಪ್ರಶ್ನೆಯೇ ಕಷ್ಟದ್ದು. ಹೇಳಿದ್ದನ್ನು ಜನ ಮಾಡಬಲ್ಲರೆ? ಅದರ ಖರ್ಚು ಯಾರ ತಲೆಯ ಮೇಲೆ? ಕಾಡಿಗೆ ಹೋಗಬೇಡ ಎಂದು ಕೂಲಿಯವನಿಗೆ ಹೇಳಿ, ಅಂದಿನ ಗಂಜಿಯ ಮಾತಾಡದಿದ್ದರೆ ಅದು ಅರ್ಧ ಸಲಹೆ. ದರಕಿನ ಮಟ್ಟಿಗೆ ಉಳಿದರ್ಧವನ್ನು ನಾವೇ ಮಾಡಿಕೊಳ್ಳಬಹುದು. ಕೊಟ್ಟಿಗೆಗೆ ಒಣಹುಲ್ಲು, ಅಡಿಕೆ ಸಿಪ್ಪೆ, ತೋಟದ ಸೋಗೆ ಹಾಕಬಹುದು. ಬೇಲಿಸಾಲಿನಲ್ಲಿ ಗೊಬ್ಬರದ ಗಿಡ, ಎಂದರೆ ಗ್ಲಿರಿಸಿಡಿಯ ನೆಟ್ಟರೆ ಸೊಪ್ಪು ಮನೆಬಾಗಿಲಿಗೇ ಸಿಕ್ಕುತ್ತದೆ. ಎಲ್ಲ ದರಕಿನ ಜಾಗವನ್ನೂ ಇದು ತುಂಬೀತೆಂದು ನಾನು ಹೇಳಲಾರೆ. ಕಾಡಿಗೆ ಹೋಗುವ ದಿನಗಳು ಕಡಮೆಯಾದರೂ ಸಾಕಷ್ಟು ಲಾಭವೇ. ಮಂಗ ಸತ್ತ ಕಡೆಯ ದರಕನ್ನಂತೂ ಯಾವ ಕಾರಣಕ್ಕೂ ತರಬೇಡಿರಿ.

ಕಾಡಿಗೆ ಹೋಗಿ ಬಂದು 3ರಿಂದ 8 ದಿನಗಳೊಳಗೆ ಹಠಾತ್ತನೆ ಜ್ವರ, ತಲೆನೋವು, ಮೈಕೈ ನೋವು ಬಂದರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ, ಕಾಡಿಗೆ ಹೋಗಿದ್ದೆನೆಂದು ಮೊದಲೇ ಹೇಳಿರಿ. ಇದಕ್ಕೆಂದೇ ಔಷಧವಿಲ್ಲ, ಬೇಗ ಆರೈಕೆ ಸಿಕ್ಕವರು ಹೆಚ್ಚಾಗಿ ಉಳಿಯುತ್ತಾರೆ. ಜ್ವರ ಬಿಟ್ಟು ಒಂದೆರಡು ವಾರಕ್ಕೆ ಮರಳಿ ಬರುವುದೂ ಉಂಟು. ನೂರು ರೋಗಿಗಳಲ್ಲಿ ಮೂರರಿಂದ ಐದು ಮಂದಿ ಸಾಯುವ ಕಾಯಿಲೆ ಇದು. 2019ರಲ್ಲಿ ಸಾಗರ ತಾಲ್ಲೂಕಿನ ಅರಲಗೋಡಿನಲ್ಲಿ ಆದದ್ದನ್ನು ತಾವು ಬಲ್ಲಿರಿ.

ಸತ್ತ ಮಂಗ ಕಂಡರೆ ಆಶಾ ಕಾರ್ಯಕರ್ತೆಗೋ ಪಂಚಾಯಿತಿಗೋ ಅರಣ್ಯ ಕಾವಲುಗಾರರಿಗೋ ಅಂದೇ ಹೇಳಿರಿ. ಗ್ಲಿರಿಸಿಡಿಯ ಗೂಟ ಬೇಕಾದವರು ಮುಂಗಾರಿಗೆ ಮೊದಲೇ ನನ್ನಲ್ಲಿ ಹೆಸರು ಬರೆಸಿರಿ.