ಕೇಳಿ ಕಟ್ಟಿದ ಸೇವೆ



ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತ ಮತ್ತು ಸುಣ್ಣದ ದ್ರಾವಣ ಹೊಡೆಯುವ ಪದ್ಧತಿ ಮಲೆನಾಡಿಗೆ ಬಂದು ನೂರು ವರ್ಷ ಮೀರಿತು. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಸೇರಿದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಈ ರೋಗವನ್ನು ಅಭ್ಯಸಿಸಿ, 1910ರಲ್ಲಿ ಅದರ ಕುರಿತು ವರದಿ ಪ್ರಕಟಿಸಿದರು. ಆಗ ಬೆಳೆಗಾರರು ಮಳೆಗಾಲಕ್ಕೆ ಮುನ್ನ ಪ್ರತಿಯೊಂದು ಕೊನೆಗೂ ಕೊಟ್ಟೆ ಕಟ್ಟಿಸುತ್ತಿದ್ದರು. ನೀರು ತಾಗದ ಕೊನೆ ಕೊಳೆಯುವುದಿಲ್ಲವೆಂಬ ತಿಳಿವಳಿಕೆ ಅವರಲ್ಲಿತ್ತು. ರೋಗಕ್ಕೆ ಕಾರಣವಾದ ಸೂಕ್ಷ್ಮಜೀವಿಯ ಹೆಸರು ಮಾತ್ರ ತಿಳಿದಿರಲಿಲ್ಲ. ಹೊಸ ಮದ್ದು ಈ ಹಳೆಯ ಕೆಲಸದ ಜಾಗದಲ್ಲೇ ಬಂದು ಕುಳಿತಿತು. ಅದೇ ಋತು, ಅದೇ ಮರ. ಮರ ಏರಬಲ್ಲ ಕೊನೆಗೌಡನ ಅದೇ ಕೌಶಲ. ಮದ್ದಿನ ರಾಸಾಯನಿಕ ಗುಣವಷ್ಟೇ ಅದನ್ನು ಉಳಿಸಿತೆಂದು ಹೇಳಲಾಗದು. ಬೆಳೆಗಾರನ ದಿನಚರಿಯಲ್ಲಿ ಅದಕ್ಕೆ ಮೊದಲೇ ಒಂದು ಸ್ಥಾನ ಸಿದ್ಧವಾಗಿತ್ತು.

ಬಳಸುವವರ ಬದುಕನ್ನು ಮೊದಲು ನೋಡಿ, ಅವರೊಡನೆ ಕುಳಿತು, ಆಮೇಲೆ ವಸ್ತುವನ್ನೋ ಸೇವೆಯನ್ನೋ ರೂಪಿಸುವ ಕ್ರಮಕ್ಕೆ ಇಂದು ಮಾನವ-ಕೇಂದ್ರಿತ ವಿನ್ಯಾಸವೆಂಬ ಹೆಸರಿದೆ. ಅಮೆರಿಕದ ಐಡಿಯೊ ಎಂಬ ವಿನ್ಯಾಸ ಸಂಸ್ಥೆಯು ಸಣ್ಣ ರೈತರ ನಡುವೆ ದುಡಿಯುವ ಸಂಘಟನೆಗಳೊಡನೆ ಸೇರಿ 2009ರಲ್ಲಿ ಇದಕ್ಕೊಂದು ಕೈಪಿಡಿಯನ್ನು ಹೊರತಂದಿತು. ಅದರ ಮೂರು ಹಂತಗಳನ್ನು ಕನ್ನಡದಲ್ಲಿ ಕೇಳು, ಕಟ್ಟು, ತಲುಪಿಸು ಎನ್ನಬಹುದು. ಹೆಸರು ಹೊಸದು, ಕೈಪಿಡಿ ಹೊಳಪಿನದು. ಆದರೆ ಕೇಳುವ ಕೆಲಸವು ಕೈಪಿಡಿಯಲ್ಲಿ ಕಾಣುವಷ್ಟು ಸುಲಭವಲ್ಲ.

ಕೇಳದೆ ಕಟ್ಟಿದುದರ ಗತಿಯನ್ನು ತಿಳಿಯಲು ದೂರ ಹೋಗಬೇಕಿಲ್ಲ. 1983ರ ಸುಮಾರಿಗೆ ಆರಂಭವಾಗಿ 2002ರವರೆಗೆ ನಡೆದ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ದೇಶದಾದ್ಯಂತ ಮೂರು ಕೋಟಿಗೂ ಹೆಚ್ಚು ಒಲೆಗಳು ಲೆಕ್ಕಕ್ಕೆ ಸೇರಿದವು. ಅವುಗಳಲ್ಲಿ ಬಹಳಷ್ಟು ಕೆಲವೇ ವರ್ಷಗಳಲ್ಲಿ ಮೂಲೆ ಸೇರಿದವು. ಪಾತ್ರೆಯ ತಳಕ್ಕೂ ಒಲೆಯ ಬಾಯಿಗೂ ಹೊಂದಿಕೆಯಾಗಲಿಲ್ಲ. ಹೊಗೆಕೊಳವೆ ಕಟ್ಟಿಕೊಂಡರೆ ಬಿಡಿಸುವವರಿರಲಿಲ್ಲ. ಎಷ್ಟು ಒಲೆ ಹಾಕಿದೆವೆಂಬುದನ್ನು ಎಣಿಸಿದಷ್ಟು ಶ್ರದ್ಧೆಯಿಂದ ಎಷ್ಟು ಒಲೆ ಉರಿಯುತ್ತಿವೆಯೆಂಬುದನ್ನು ಯಾರೂ ಎಣಿಸಲಿಲ್ಲ. ಒಲೆಯ ಮುಂದೆ ಕೂರುವವಳನ್ನು ಫಲಾನುಭವಿ ಎಂದು ಕರೆಯಲಾಯಿತೇ ಹೊರತು, ಅಡುಗೆಯ ವಿಷಯದಲ್ಲಿ ಆಕೆಯೇ ಪರಿಣತೆ ಎಂಬುದು ನೆನಪಾದದ್ದು ತಡವಾಗಿ.

ಇದಕ್ಕೆ ಪ್ರತಿಯಾಗಿ, ಕರ್ನಾಟಕದ ಹಳ್ಳಿಗಳಲ್ಲೇ ರೂಪುಗೊಂಡ ಒಂದು ಸೇವೆಯನ್ನು ವಿವರವಾಗಿ ಗಮನಿಸಬೇಕು. 2006ರ ವೇಳೆಗೆ ಬೆಂಗಳೂರಿನ ಮೈಕ್ರೋಸಾಫ್ಟ್ ಸಂಶೋಧನಾ ಕೇಂದ್ರದಲ್ಲಿ ರಿಕಿನ್ ಗಾಂಧಿ ಎಂಬ ಯುವಕ ಕೃಷಿ ವಿಸ್ತರಣೆಯ ಸಮಸ್ಯೆಯನ್ನು ಕೈಗೆತ್ತಿಕೊಂಡರು. ಅವರು ಓದಿದ್ದು ಅಂತರಿಕ್ಷ ಎಂಜಿನಿಯರಿಂಗ್. ಬೇಸಾಯ ಅವರ ವಿಷಯವಾಗಿರಲಿಲ್ಲ. ಬಹುಶಃ ಅದೇ ಒಳ್ಳೆಯದಾಯಿತು, ತಿಳಿದವನಿಗೆ ಕೇಳುವ ತಾಳ್ಮೆ ಕಡಿಮೆ. ನಾಟಿ ಬೀಜ ಸಂರಕ್ಷಣೆಯಲ್ಲಿ ತೊಡಗಿದ್ದ ಗ್ರೀನ್ ಫೌಂಡೇಶನ್ ಸಂಸ್ಥೆಯ ಜೊತೆಗೂಡಿ, ಅದರ ಕಾರ್ಯಕರ್ತರು ಹಳ್ಳಿಯಲ್ಲಿ ಹೇಗೆ ಮಾತನಾಡುತ್ತಾರೆ, ರೈತರು ಯಾರ ಮಾತಿಗೆ ತಲೆದೂಗಿ ಯಾರ ಮಾತನ್ನು ಕೇಳಿ ಸುಮ್ಮನಾಗುತ್ತಾರೆ ಎಂಬುದನ್ನು ಅವರ ತಂಡ ಗಮನಿಸಿತು.

ಆ ಕಾಲದ ವಿಸ್ತರಣಾ ವ್ಯವಸ್ಥೆಯ ಸ್ಥಿತಿಯನ್ನು 2003ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಅಂಕಿಗಳು ತೋರಿಸುತ್ತವೆ. ಯಾವುದೇ ಮೂಲದಿಂದ ಆಧುನಿಕ ಕೃಷಿಯ ಮಾಹಿತಿ ಪಡೆದ ರೈತ ಕುಟುಂಬಗಳು ದೇಶದಲ್ಲಿ ಶೇಕಡಾ 40 ಮಾತ್ರ. ಇತರ ಪ್ರಗತಿಪರ ರೈತರಿಂದ ಕಲಿತವರು ಶೇಕಡಾ 16.7, ಗೊಬ್ಬರ-ಔಷಧದ ಅಂಗಡಿಯಿಂದ ಕಲಿತವರು ಶೇಕಡಾ 13.1. ಸರ್ಕಾರಿ ವಿಸ್ತರಣಾ ಕಾರ್ಯಕರ್ತರಿಂದ ಕಲಿತವರು ಶೇಕಡಾ 5.7. ರೈತನಿಗೆ ದೊಡ್ಡ ಗುರು ಇನ್ನೊಬ್ಬ ರೈತ. ಅವನ ನಂತರದ ಸ್ಥಾನ ಮಾರುವವನದು.

ಬೆಂಗಳೂರಿನ ತಂಡ ಈ ಸತ್ಯದ ಮೇಲೆಯೇ ಸೇವೆಯನ್ನು ಕಟ್ಟಿತು. ಸ್ಥಳೀಯ ರೈತರು ತಮ್ಮ ಹೊಲದಲ್ಲಿ, ತಮ್ಮ ಮಾತಿನಲ್ಲಿ ಒಂದು ಕೆಲಸವನ್ನು ಮಾಡಿ ತೋರಿಸುವುದನ್ನು ಸಾಧಾರಣ ಕ್ಯಾಮೆರಾದಲ್ಲಿ ಚಿತ್ರಿಸಲಾಯಿತು. ಅಜೋಲಾ ಬೆಳೆಸುವ ಕ್ರಮ ಅಂಥ ವಿಷಯಗಳಲ್ಲೊಂದು. ಚಿತ್ರವನ್ನು ಊರಿನ ಸಣ್ಣ ಗುಂಪುಗಳಿಗೆ ಟೀವಿ ಮತ್ತು ಡಿವಿಡಿ ಯಂತ್ರದಿಂದ ತೋರಿಸಲಾಯಿತು. ಜೊತೆಗೆ ಒಬ್ಬ ಸ್ಥಳೀಯ ಸಹಾಯಕ ಇರುತ್ತಿದ್ದ. ಆತ ಚಿತ್ರವನ್ನು ನಡುವೆ ನಿಲ್ಲಿಸುತ್ತಿದ್ದ, ಪ್ರಶ್ನೆ ಕೇಳುತ್ತಿದ್ದ, ಮುಂದೆ ಯಾರು ಮಾಡಿನೋಡಿದರೆಂದು ಗುರುತಿಟ್ಟುಕೊಳ್ಳುತ್ತಿದ್ದ. ಚಿತ್ರ ನೋಡಿದವರು ಮೊದಲು ಕೇಳುತ್ತಿದ್ದುದು ಇಳುವರಿಯ ಲೆಕ್ಕವನ್ನಲ್ಲ. ತೆರೆಯ ಮೇಲಿರುವವರ ಹೆಸರೇನು, ಯಾವ ಊರಿನವರು ಎಂಬುದನ್ನು. ನಗರದಲ್ಲಿ ಕುಳಿತು ಬರೆದ ಯಾವ ಪ್ರಶ್ನಾವಳಿಯಲ್ಲೂ ಈ ಪ್ರಶ್ನೆ ಇರಲಾರದು. ಆದರೆ ಇಡೀ ಸೇವೆ ನಿಂತದ್ದು ಇದರ ಮೇಲೆ. ಪರಿಚಿತ ಮಣ್ಣು, ಪರಿಚಿತ ಉಚ್ಚಾರ, ತನ್ನಷ್ಟೇ ಜಮೀನುಳ್ಳವನ ಕೈ ಕಂಡಾಗ ನಂಬಿಕೆ ಹುಟ್ಟಿತು.

16 ಹಳ್ಳಿಗಳಲ್ಲಿ ನಡೆದ ಪ್ರಯೋಗದಲ್ಲಿ, ಕೆಲವು ಪದ್ಧತಿಗಳ ಅಳವಡಿಕೆಯು ಹಳೆಯ ವಿಸ್ತರಣಾ ಕ್ರಮಕ್ಕಿಂತ ಏಳು ಪಟ್ಟು ಹೆಚ್ಚಿತೆಂದು ತಂಡ ವರದಿ ಮಾಡಿತು. ಖರ್ಚಿಗೆ ಹೋಲಿಸಿದಾಗ ಫಲ ಹತ್ತು ಪಟ್ಟು. ಇವು ಒಂದು ಸಣ್ಣ, ಒಳ್ಳೆಯ ಕಾರ್ಯಕರ್ತರಿದ್ದ ಪ್ರದೇಶದ ಅಂಕಿಗಳೆಂಬುದನ್ನು ಮರೆಯಬಾರದು. ಆ ತಂಡವನ್ನು ಮುನ್ನಡೆಸಿದ ಕೆಂಟಾರೊ ಟೊಯಾಮಾ ಅವರೇ ಮುಂದೆ, ತಂತ್ರಜ್ಞಾನವು ಇರುವ ಮಾನವ ಶಕ್ತಿಯನ್ನು ಹಿಗ್ಗಿಸಬಲ್ಲದೇ ಹೊರತು ಇಲ್ಲದುದನ್ನು ಸೃಷ್ಟಿಸಲಾರದೆಂದು ವಾದಿಸಿದರು. ಸಹಾಯಕನಿಲ್ಲದೆ ಟೀವಿಯನ್ನಷ್ಟೇ ಇಟ್ಟಿದ್ದರೆ ಅದು ಬಹುಬೇಗ ಸಿನಿಮಾ ನೋಡುವ ಟೀವಿಯಾಗುತ್ತಿತ್ತು.

2008ರಲ್ಲಿ ಡಿಜಿಟಲ್ ಗ್ರೀನ್ ಸ್ವತಂತ್ರ ಸಂಸ್ಥೆಯಾಯಿತು. ಮುಂದೆ ಬಿಹಾರದ ಜೀವಿಕಾ ಯೋಜನೆಯೊಡನೆ ಮಹಿಳಾ ಸ್ವಸಹಾಯ ಸಂಘಗಳ ಮೂಲಕ ಅದು ಬೆಳೆಯಿತು. ಮಹಿಳೆಯರು ಹೇಗೂ ಸೇರುವ ಸಭೆಗೆ ಚಿತ್ರವೇ ಹೋಯಿತು; ಚಿತ್ರಕ್ಕಾಗಿ ಅವರು ಬೇರೆ ಹೊತ್ತು ಹೊಂದಿಸಬೇಕಾಗಲಿಲ್ಲ. 2023ರಿಂದ ಅದೇ ಸಂಸ್ಥೆ ಕೃತಕ ಬುದ್ಧಿಮತ್ತೆಯಿಂದ ಉತ್ತರಿಸುವ ಮೊಬೈಲ್ ಸೇವೆಯನ್ನೂ ನೀಡತೊಡಗಿದೆ. ಯಾವ ಊರಿನವರು ಎಂಬ ಹಳೆಯ ಪ್ರಶ್ನೆಗೆ ಯಂತ್ರ ಏನೆಂದು ಉತ್ತರಿಸೀತೆಂಬ ಕುತೂಹಲ ಸಹಜ.

ಈ ವಿಧಾನದ ಬಗ್ಗೆ ಒಂದು ಎಚ್ಚರಿಕೆಯೂ ಅಗತ್ಯ. ಜನರ ಮನಸ್ಸನ್ನು ಅರಿಯುವ ವಿದ್ಯೆಯು ಜನರಿಗೆ ಮಾರುವ ವಿದ್ಯೆಯೂ ಹೌದು. ಪ್ರಶ್ನೆಯನ್ನು ಯಾರು ಆರಿಸಿದರು, ಉತ್ತರ ಯಾರ ಕೈ ಸೇರಿತು, ಬೇಡವೆನ್ನುವ ಹಕ್ಕು ಹಳ್ಳಿಗಿತ್ತೇ ಎಂಬುವನ್ನು ನೋಡದೆ ಇದನ್ನು ಒಪ್ಪಿಕೊಂಡರೆ, ಅಣೆಕಟ್ಟಿನ ಅಹವಾಲು ಸಭೆಯಲ್ಲಿ ಸಹಿ ಹಾಕಿಸಿಕೊಂಡಂತೆಯೇ ಆದೀತು. ವಿನ್ಯಾಸ ಎಷ್ಟೇ ಚೆನ್ನಾಗಿದ್ದರೂ ಅದು ಗ್ರಾಮಸಭೆಯ ಸ್ಥಾನವನ್ನು ತುಂಬಲಾರದು.

ಇನ್ನು ಮಲೆನಾಡಿನ ಇಂದಿನ ಮಾತು. ಎಲೆಚುಕ್ಕೆ ರೋಗ ಕೆಲವು ವರ್ಷಗಳಿಂದ ಅಡಿಕೆ ತೋಟಗಳನ್ನು ಬರಿದು ಮಾಡುತ್ತಿದೆ. ಸಲಹೆಗಳಿಗೇನೂ ಕೊರತೆಯಿಲ್ಲ: ರೋಗ ತಗುಲಿದ ಸೋಗೆ ಕಡಿದು ಸುಡಿ, ಶಿಲೀಂಧ್ರನಾಶಕ ಹೊಡೆಯಿರಿ, ಸುತ್ತಲಿನ ತೋಟದವರೆಲ್ಲ ಒಟ್ಟಿಗೆ ಹೊಡೆಯಿರಿ. ಸಂದೇಶ ಮೊಬೈಲಿಗೆ ಬರುತ್ತದೆ. ಅದನ್ನು ಓದುವ ಮನೆಯಲ್ಲಿ ಎಪ್ಪತ್ತು ದಾಟಿದ ಇಬ್ಬರೇ ಇದ್ದಾರೆ. ಕೊನೆಗೌಡ ಸಿಗುವುದು ಅವನಿಗೆ ಬಿಡುವಾದಾಗ. ದೋಟಿಗೆ ಹಣ ಬೇಕು, ಹಿಡಿಯಲು ತೋಳು ಬೇಕು. ಪಕ್ಕದ ತೋಟದ ಯಜಮಾನ ಬೆಂಗಳೂರಿನಲ್ಲಿದ್ದಾನೆ, ಅವನ ತೋಟಕ್ಕೆ ಮದ್ದು ಬೀಳುವುದೇ ಇಲ್ಲ. ರೋಗಕ್ಕೆ ಬೇಲಿಯ ಗುರುತಿಲ್ಲ. ಹೀಗಿರುವಾಗ ಇಲ್ಲಿ ಬೇಕಾದದ್ದು ಇನ್ನೊಂದು ಸಲಹೆಯೋ, ಅಥವಾ ಒಂದು ಕಣಿವೆಯ ತೋಟಗಳಿಗೆಲ್ಲ ಸರದಿಯಂತೆ ಮದ್ದು ಹೊಡೆದು ಎಲ್ಲರಿಂದ ಪಾಲು ಸಂಗ್ರಹಿಸುವ ಒಂದು ತಂಡವೋ? ಸಹಕಾರ ಸಂಘ ಅದನ್ನು ನಡೆಸಬಲ್ಲದೋ, ಸ್ವಸಹಾಯ ಸಂಘವೋ? ಮರ ಏರುವವನ ವಿಮೆಯನ್ನು ಯಾರು ಕಟ್ಟಬೇಕು?

ಈ ಪ್ರಶ್ನೆಗಳಿಗೆ ಉತ್ತರ ಮನೆಮನೆಯಲ್ಲಿದೆ. ವಿದ್ಯಾರ್ಥಿಗಳು ಒಂದು ಕಣಿವೆಯನ್ನು ಆರಿಸಿಕೊಂಡು, ಮಳೆಗಾಲಕ್ಕೆ ಮುನ್ನ ಅಲ್ಲಿನ ಹತ್ತು ಮನೆಗಳ ಜಗುಲಿಯಲ್ಲಿ ಅರ್ಧ ದಿನವಾದರೂ ಕೂರಬಹುದು. ಕೊನೆಗೌಡನ ಮನೆಯೂ ಆ ಹತ್ತರಲ್ಲಿ ಇರಲಿ. ನಿಮಗೇನು ಬೇಕೆಂದು ಕೇಳಿದರೆ ಸಬ್ಸಿಡಿ ಎಂಬ ಉತ್ತರವಷ್ಟೇ ಸಿಕ್ಕೀತು. ಕಳೆದ ವರ್ಷ ಮದ್ದು ಹೊಡೆದದ್ದು ಯಾವ ದಿನ, ಯಾರು ಹೊಡೆದರು, ಯಾರ ಮಾತು ಕೇಳಿ ಯಾವ ಮದ್ದು ತಂದರು, ಹೊಡೆಯಲಾಗದ ವರ್ಷ ಏನಡ್ಡಿಯಾಯಿತು ಎಂದು ಕೇಳಬೇಕು. ಅಡುಗೆಮನೆಯ ಕಡೆಯಿಂದ ಬರುವ ಉತ್ತರವನ್ನೂ ಬರೆದುಕೊಳ್ಳಬೇಕು. ಕೆಲಸದವರಿಗೆ ಊಟ ಹಾಕಿದ ದಿನದ ಲೆಕ್ಕ ಅಲ್ಲಿಯೇ ಸರಿಯಾಗಿ ಸಿಗುತ್ತದೆ.